ಕೊಕ್ಕು ಕಿತ್ತುಕೊಂಡ ಹದ್ದು, ಮೆದುಳಿಲ್ಲದ ಕಪ್ಪೆ

ಹದ್ದಿನ ಆಯಸ್ಸು ಎಪ್ಪತ್ತು ವರ್ಷವಂತೆ. ಆದರೆ ನಲವತ್ತಕ್ಕೇ ಅದರ ಕೊಕ್ಕು ಬಾಗಿ ಎದೆಗೆ ತಾಗುತ್ತದಂತೆ, ಉಗುರು ಮೊಂಡಾಗುತ್ತದಂತೆ, ಗರಿಗಳು ದಪ್ಪವಾಗಿ ರೆಕ್ಕೆ ಎತ್ತುವುದೇ ಕಷ್ಟವಾಗುತ್ತದಂತೆ. ಆಗ ಅದಕ್ಕೆ ಉಳಿಯುವುದು ಎರಡೇ ದಾರಿ: ಸಾಯುವುದು, ಇಲ್ಲವೇ 150 ದಿನ ತಪಸ್ಸು ಮಾಡುವುದು. ಹದ್ದು ತಪಸ್ಸಿಗೆ ಹೊರಡುತ್ತದೆ. ಬೆಟ್ಟದ ತುದಿಗೆ ಹಾರಿ, ಕೊಕ್ಕನ್ನು ಬಂಡೆಗೆ ಕುಟ್ಟಿ ಕುಟ್ಟಿ ಉದುರಿಸಿಕೊಳ್ಳುತ್ತದೆ. ಹೊಸ ಕೊಕ್ಕು ಬಂದ ಮೇಲೆ ಅದರಿಂದ ಉಗುರು ಕೀಳುತ್ತದೆ. ಹೊಸ ಉಗುರು ಬಂದ ಮೇಲೆ ಅದರಿಂದ ಗರಿ ಕೀಳುತ್ತದೆ. ಐದು ತಿಂಗಳಿಗೆ ಸರಿಯಾಗಿ ಪುನರ್ಜನ್ಮ ಪಡೆದು ಇನ್ನೂ ಮೂವತ್ತು ವರ್ಷ ಬಾಳುತ್ತದೆ. ಹಿಂದೆ ಸೂರ್ಯೋದಯದ ಚಿತ್ರ, ಕೆಳಗೆ ಬದಲಾವಣೆಗೆ ಹೆದರಬೇಡಿ ಎಂಬ ಬುದ್ಧಿಮಾತು, ಅದರ ಕೆಳಗೆ ಕೈಮುಗಿದ ಮೂರು ಇಮೋಜಿ.

ಈ ಕಥೆ ಬಾರದ ಮೊಬೈಲು ಕರ್ನಾಟಕದಲ್ಲಿ ಇರಲಾರದು. ಕುಟುಂಬದ ಗುಂಪಿಗೆ ಚಿಕ್ಕಪ್ಪ ಕಳಿಸುತ್ತಾರೆ, ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿ ಹೇಳುತ್ತಾರೆ, ಕಂಪನಿಯ ತರಬೇತಿಯಲ್ಲಿ ಟೈ ಕಟ್ಟಿದವರು ಸ್ಲೈಡ್ ಹಾಕಿ ತೋರಿಸುತ್ತಾರೆ. ದನಿ ಗದ್ಗದವಾಗುವ ಜಾಗವೂ ಎಲ್ಲರಿಗೂ ಒಂದೇ, ರಕ್ತ ಸುರಿಯುವ ಕೊಕ್ಕಿನ ಹತ್ತಿರ. ಐದು ತಿಂಗಳು ಅದು ಊಟಕ್ಕೇನು ಮಾಡಿತು ಎಂದು ಸಭೆಯಲ್ಲಿ ಒಬ್ಬರೂ ಕೇಳುವುದಿಲ್ಲ.

ಹದ್ದಿನ ಕೊಕ್ಕು ಎಂದರೆ ಮೂಳೆಗೆ ಹೊದಿಸಿದ ಕೆರಾಟಿನ್ ಕವಚ. ನಮ್ಮ ಉಗುರು, ಕೂದಲು, ದನದ ಕೊಂಬಿನ ಹೊರಪದರ ಎಲ್ಲವೂ ಅದೇ ವಸ್ತು. ಅದು ಬದುಕಿಡೀ ಬೆಳೆಯುತ್ತಲೇ ಇರುತ್ತದೆ. ಬೇಟೆಯನ್ನು ಹರಿಯುವಾಗ, ಬಂಡೆಗೋ ಕೊಂಬೆಗೋ ಉಜ್ಜುವಾಗ ಸವೆಯುತ್ತಲೂ ಇರುತ್ತದೆ. ನಲವತ್ತು ವರ್ಷ ಬೆಳೆಯಲು ಬಿಟ್ಟು ಒಂದೇ ಸಲ ಕುಟ್ಟಿ ಹಾಕುವ ಪ್ರಸಂಗವೇ ಬರುವುದಿಲ್ಲ. ಗರಿಗಳೂ ಕಂತಿನಲ್ಲಿ ಬದಲಾಗುತ್ತವೆ, ಹಾರಾಟಕ್ಕೆ ಭಂಗ ಬಾರದಂತೆ ಒಂದಿಷ್ಟು ಉದುರಿ, ಆ ಜಾಗದಲ್ಲಿ ಹೊಸವು ಬಂದ ಮೇಲೆ ಮತ್ತೊಂದಿಷ್ಟು. ಇನ್ನು ಆಯಸ್ಸಿನ ಮಾತು. ಅಮೆರಿಕದ ಲಾಂಛನದಲ್ಲಿರುವ ಬಿಳಿತಲೆಯ ಹದ್ದುಗಳ ಕಾಲಿಗೆ ಉಂಗುರ ತೊಡಿಸಿ ಲೆಕ್ಕ ಇಡುತ್ತಾರೆ. ಹಾಗೆ ಲೆಕ್ಕಕ್ಕೆ ಸಿಕ್ಕ ಕಾಡುಹಕ್ಕಿಗಳಲ್ಲಿ ದಾಖಲೆ ಮಾಡಿದ ಹಿರಿಯ ಹದ್ದು 38 ವರ್ಷ ಬದುಕಿತ್ತು. 2015ರಲ್ಲಿ ನ್ಯೂಯಾರ್ಕ್ ರಾಜ್ಯದ ರಸ್ತೆಯಲ್ಲಿ ವಾಹನ ಬಡಿದು ಸತ್ತಿತು. ಪಾಪ, ಇನ್ನೆರಡು ವರ್ಷ ಉಳಿದಿದ್ದರೆ ತಪಸ್ಸಿಗೆ ಅರ್ಹತೆ ಸಿಗುತ್ತಿತ್ತು.

ಕೊಕ್ಕು ಹೋದ ಹದ್ದಿಗೆ ನಿಜಕ್ಕೂ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. 2005ರಲ್ಲಿ ಅಲಾಸ್ಕದಲ್ಲಿ ಯಾರೋ ಹಾರಿಸಿದ ಗುಂಡಿಗೆ ಒಂದು ಹದ್ದಿನ ಮೇಲಿನ ಕೊಕ್ಕು ಕಿತ್ತುಹೋಯಿತು. ತಿನ್ನಲಾರದು, ನೀರು ಕುಡಿಯಲಾರದು, ಗರಿ ನೀವಿಕೊಳ್ಳಲಾರದು. ಅದಕ್ಕೆ ಬ್ಯೂಟಿ ಎಂದು ಹೆಸರಿಟ್ಟು, ಕೈತುತ್ತು ತಿನ್ನಿಸಿ ಮನುಷ್ಯರೇ ಬದುಕಿಸಿದರು. ಮುಂದೆ ಐಡಾಹೋದ ಪಕ್ಷಿ ರಕ್ಷಣಾ ಕೇಂದ್ರದಲ್ಲಿ ಎಂಜಿನಿಯರೊಬ್ಬರ ನೆರವಿನಿಂದ ತ್ರೀಡಿ ಪ್ರಿಂಟರಿನಲ್ಲಿ ಕೃತಕ ಕೊಕ್ಕು ತಯಾರಿಸಿ ಕೂರಿಸಿದರು. ಬ್ಯೂಟಿ ಯಾವ ಬಂಡೆಯ ಮೇಲೂ ಏಕಾಂತದಲ್ಲಿ ಕೂರಲಿಲ್ಲ. ಅದರ ಪಕ್ಕದಲ್ಲಿ ತುತ್ತು ಹಿಡಿದವರು ಕೂತಿದ್ದರು. ನನ್ನನ್ನು ಕೇಳಿದರೆ ಫಾರ್ವರ್ಡ್ ಮಾಡಬೇಕಾದ ಕಥೆ ಇದು.

ಹಾಗೆಂದು ಎಲ್ಲ ತಪ್ಪನ್ನೂ ವಾಟ್ಸಾಪಿನ ತಲೆಗೆ ಕಟ್ಟುವಂತಿಲ್ಲ. ಈ ಕಥೆಯ ಬೇರು ಎರಡು ಸಾವಿರ ವರ್ಷಕ್ಕೂ ಹಳೆಯದು. ಮುದಿ ಹದ್ದಿನ ಮೇಲಿನ ಕೊಕ್ಕು ಬೆಳೆದು ಬಾಗಿ, ಕೊನೆಗೆ ಅದು ಹಸಿವಿನಿಂದ ಸಾಯುತ್ತದೆ ಎಂದು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲ್ ಪ್ರಾಣಿಗಳ ಕುರಿತ ಗ್ರಂಥದಲ್ಲಿ ಬರೆದ. ಜನ ಹೇಳುವ ಕಾರಣವನ್ನೂ ಜೊತೆಗೆ ಸೇರಿಸಿದ: ಹದ್ದು ಹಿಂದೆ ಮನುಷ್ಯನಾಗಿತ್ತು, ಮನೆಗೆ ಬಂದ ಅಪರಿಚಿತನಿಗೆ ಆತಿಥ್ಯ ನಿರಾಕರಿಸಿತ್ತು, ಅದಕ್ಕೇ ಈ ಶಿಕ್ಷೆ. ಊಟ ಹಾಕದವನಿಗೆ ಊಟವಿಲ್ಲದ ಸಾವು, ಒಪ್ಪತಕ್ಕ ನೀತಿ. ಮುಂದೆ ಕ್ರೈಸ್ತರ ಕಾಲ ಬಂತು. ದೇವರ ದಯೆಯಿಂದ ಮನುಷ್ಯನ ಯೌವನ ಹದ್ದಿನಂತೆ ಹೊಸದಾಗುತ್ತದೆ ಎಂಬ ಅರ್ಥದ ಮಾತು ಬೈಬಲಿನ ಕೀರ್ತನೆಯೊಂದರಲ್ಲಿದೆ. ಅದನ್ನು ವಿವರಿಸಬೇಕಲ್ಲ? ‘ಫಿಸಿಯೊಲೊಗಸ್’ ಎಂಬ ಗ್ರೀಕ್ ಪ್ರಾಣಿಗ್ರಂಥ, ಮುದಿ ಹದ್ದು ಸೂರ್ಯನತ್ತ ಹಾರಿ ರೆಕ್ಕೆ ಸುಟ್ಟುಕೊಂಡು, ಆಮೇಲೆ ಬುಗ್ಗೆಯಲ್ಲಿ ಮೂರು ಸಲ ಮುಳುಗಿ ಎಳೆಯದಾಗುತ್ತದೆ ಎಂದಿತು. ಸಂತ ಆಗಸ್ಟೀನ್ ಆ ಕೀರ್ತನೆಗೆ ವ್ಯಾಖ್ಯಾನ ಹೇಳುವಾಗ ಹದ್ದನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋದ. ಬೆಳೆದ ಕೊಕ್ಕನ್ನು ಅಲ್ಲಿ ಸವೆಸಿಕೊಂಡು ಮತ್ತೆ ಉಣ್ಣುತ್ತದೆ ಎಂದ. ಆತ ಸತ್ತದ್ದು ಕ್ರಿ.ಶ. 430ರಲ್ಲಿ. ಅಂದರೆ ಟೈ ಕಟ್ಟಿದವರ ಸ್ಲೈಡು ಹೆಚ್ಚುಕಡಿಮೆ ಸಾವಿರದ ಆರುನೂರು ವರ್ಷ ಹಳೆಯದು. ಅರಿಸ್ಟಾಟಲನಲ್ಲಿ ಪಾಪದ ಫಲವಾಗಿದ್ದದ್ದು ಆಗಸ್ಟೀನನಲ್ಲಿ ದೇವರ ಕೃಪೆಯಾಯಿತು, ನಮ್ಮಲ್ಲಿಗೆ ಬರುವ ಹೊತ್ತಿಗೆ ಅಪ್ರೈಸಲ್ ಆಯಿತು.

ಇದನ್ನೆಲ್ಲ ಬರೆದು ಗುಂಪಿಗೆ ಕಳಿಸಿದರೂ ಪ್ರಯೋಜನವಿಲ್ಲ. “ಹಕ್ಕಿ ಬಿಡಪ್ಪ, ನೀತಿ ತಗೋ” ಅನ್ನುತ್ತಾರೆ ಚಿಕ್ಕಪ್ಪ. ಅವರ ಮಾತಿನಲ್ಲೂ ಹುರುಳಿದೆ. ನೀತಿಕಥೆಯ ಹದ್ದಿಗೆ ಜೀವಶಾಸ್ತ್ರದ ಪರೀಕ್ಷೆ ಇಡುವುದು ಎಲ್ಲಿಯ ನ್ಯಾಯ? ಹಾಗಾದರೆ ಕಥೆಗೆ ಕಥೆಯಿಂದಲೇ ಉತ್ತರ ಕೊಡಬೇಕು. ಆ ಕೆಲಸಕ್ಕೆ ಇರುವುದೇ ಅಣಕ. ನನ್ನದೊಂದು ಹದ್ದು ಹೀಗಿದೆ:

ಒಂದಾನೊಂದು ಬೆಟ್ಟದ ನೆತ್ತಿಯಲ್ಲಿ ಹದ್ದೊಂದು ಹೆಂಡತಿ ಮತ್ತು ಮರಿಯ ಜೊತೆ ಸುಖವಾಗಿತ್ತು. ದಿನಕ್ಕೊಂದು ಹೆಗ್ಗಣ, ಹಬ್ಬಕ್ಕೊಂದು ಮೊಲ. ಒಂದು ಬೆಳಿಗ್ಗೆ ಕಾಗೆ ಬಂದು ಕೂತಿತು.

“ಅಣ್ಣ, ನಿಮಗೆ ವಯಸ್ಸೆಷ್ಟು?”

“ನಲವತ್ತು ಆಗಿರಬೇಕು.”

“ಅಯ್ಯೋ, ಹಾಗಾದ್ರೆ ನೀವು ಕಂಫರ್ಟ್ ಜೋನ್‌ನಲ್ಲಿ ಕೂತಿದ್ದೀರಿ!”

ಹದ್ದು ಕಾಲ ಕೆಳಗೆ ನೋಡಿಕೊಂಡಿತು. “ಇದು ಬಂಡೆ ಅಂದ್ಕೊಂಡಿದ್ದೆನಲ್ಲಪ್ಪ.”

ಕಾಗೆ ಮೂರು ದಿನದ ಶಿಬಿರ ನಡೆಸುತ್ತಿತ್ತು. ಶುಲ್ಕ ಆರು ಹೆಗ್ಗಣ, ಜಿಎಸ್‌ಟಿ ಪ್ರತ್ಯೇಕ. ಮೊದಲ ದಿನ ಎಲ್ಲರೂ ಕಣ್ಣು ಮುಚ್ಚಿ ತಮ್ಮೊಳಗಿನ ಮರಿಹದ್ದಿನ ಜೊತೆ ಮಾತಾಡಿದರು. ಎರಡನೆಯ ದಿನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಮೂರನೆಯ ದಿನ ಕೊಕ್ಕಿನ ವಿಷಯ ಬಂತು. ಕಾಗೆ ತನ್ನ ಕೊಕ್ಕನ್ನು ಯಾಕೆ ಕುಟ್ಟಿಕೊಂಡಿಲ್ಲ ಎಂದು ಗೂಬೆಯೊಂದು ಕೇಳಿದ್ದಕ್ಕೆ, ನಕಾರಾತ್ಮಕ ಶಕ್ತಿ ಎಂದು ಅದನ್ನು ಹೊರಗೆ ಕಳಿಸಲಾಯಿತು.

ಮನೆಯಲ್ಲಿ ವಿಷಯ ತಿಳಿದು ಹೆಂಡತಿ ಸಿಡುಕಿತು. “ರೀ, ಇರೋ ಕೊಕ್ಕು ಕಿತ್ಕೊಂಡ್ರೆ ತಿನ್ನೋದು ಯಾವುದರಲ್ಲಿ?”

“ನಿನಗೆ ದೂರದೃಷ್ಟಿ ಇಲ್ಲ ಕಣೇ.”

“ಎರಡು ಮೈಲಿ ಆಚೆ ಇಲಿ ಓಡಿದ್ರೆ ಕಾಣತ್ತೆ ನಂಗೆ. ಇನ್ನೆಷ್ಟು ದೂರದ್ದು ಬೇಕು?”

ಹದ್ದು ಹಟ ಬಿಡಲಿಲ್ಲ. ಕುಟ್ಟಿತು. ನೋವಿಗೆ ಅದು ಕಿರುಚಿದಾಗ ಕಾಗೆ ಬಂದು ಸೆಲ್ಫಿ ತೆಗೆದುಕೊಂಡು, “ಸೂಪರ್ ಅಣ್ಣ, ನೀವು ಬೆಳೀತಾ ಇದ್ದೀರಿ” ಎಂದು ಹೇಳಿ ಹೋಯಿತು. ಹತ್ತನೆಯ ದಿನ ಒಂದು ರಣಹದ್ದು ಬಂದು ಪಕ್ಕದ ಬಂಡೆಯಲ್ಲಿ ಆರಾಮಾಗಿ ಕೂತಿತು. ಏನು ಬಂದದ್ದು ಎಂದರೆ, “ಏನಿಲ್ಲ ಭಾವ, ಹಾಗೇ ಈ ಕಡೆ ಬಂದೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ, ನನಗೇನೂ ಅವಸರ ಇಲ್ಲ” ಎಂದಿತು.

ಹೆಂಡತಿ ಬೇಟೆಯಾಡಿ ತಂದು, ಹರಿದು, ಚೂರು ಮಾಡಿ, ಮರಿಗೊಂದು ತುತ್ತು ಅಪ್ಪನಿಗೊಂದು ತುತ್ತು ಹಾಕುತ್ತ ಐದು ತಿಂಗಳು ತಳ್ಳಿತು. ಕೊಕ್ಕು ಬಂತು. ಸೊಟ್ಟಗೆ, ಅರ್ಧಂಬರ್ಧ. ಬೇಟೆಗೆ ಬಾರದು, ಭಾಷಣಕ್ಕೆ ಧಾರಾಳ ಸಾಕು. ಹದ್ದು ಈಗ ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ‘150 ದಿನ: ನನ್ನ ಒಂಟಿ ಹೋರಾಟ’ ಎಂಬ ವಿಷಯದ ಮೇಲೆ ಮಾತಾಡುತ್ತದೆ. ಶುಲ್ಕ ಆರು ಹೆಗ್ಗಣ. ಹೆಂಡತಿಯ ಹೆಸರು ಭಾಷಣದಲ್ಲಿ ಎಲ್ಲೂ ಬರುವುದಿಲ್ಲ.

ನೀತಿ: ಕೊಕ್ಕು ಹೋದವನಿಗೆ ಮೈಕು ಸಿಗುತ್ತದೆ.

ಪ್ರಾಣಿಕಥೆಯನ್ನು ಹೀಗೆ ತಿರುಚುವುದು ಹಳೆಯ ಕಸುಬು. ಅಮೆರಿಕದ ಪತ್ರಕರ್ತ ಆಂಬ್ರೋಸ್ ಬಿಯರ್ಸ್ 1899ರಲ್ಲಿ ‘ಫೆಂಟಾಸ್ಟಿಕ್ ಫೇಬಲ್ಸ್’ ಪ್ರಕಟಿಸಿ, ಈಸೋಪನ ಮೃಗಗಳ ಜೊತೆಗೆ ರಾಜಕಾರಣಿಗಳನ್ನೂ ಬೋನಿಗೆ ಹಾಕಿದ. ‘ನ್ಯೂಯಾರ್ಕರ್’ ಪತ್ರಿಕೆಯ ಜೇಮ್ಸ್ ಥರ್ಬರ್ 1940ರಲ್ಲಿ ‘ಫೇಬಲ್ಸ್ ಫಾರ್ ಅವರ್ ಟೈಮ್’ ತಂದ. ಅದರಲ್ಲೊಂದು ಆಮೆ ಇದೆ. ಹಳೆಯ ಪುಸ್ತಕದಲ್ಲಿ ಆಮೆಯೊಂದು ಮೊಲವನ್ನು ಸೋಲಿಸಿದ್ದನ್ನು ಓದಿ, ಹಾಗಾದರೆ ಇದು ಶಾಸ್ತ್ರ ಎಂದು ನಂಬಿ, ಮೊಲವೊಂದನ್ನು ಹುಡುಕಿ ಪಂದ್ಯಕ್ಕೆ ಕರೆಯುತ್ತದೆ. ಐವತ್ತು ಅಡಿಯ ಓಟ. ಮೊಲ ಗುರಿ ಮುಟ್ಟಿದಾಗ ಆಮೆ ಒಂಬತ್ತು ಇಂಚು ಕೂಡ ಸಾಗಿರುವುದಿಲ್ಲ. ಥರ್ಬರ್ ಆಮೆಯನ್ನು ಗೇಲಿ ಮಾಡುತ್ತಿಲ್ಲ. ಆಮೆಯ ಕೈಗೆ ಆ ಪುಸ್ತಕ ಕೊಟ್ಟವರನ್ನು ಹುಡುಕುತ್ತಿದ್ದಾನೆ. ಒಳ್ಳೆಯ ಅಣಕದ ಗುರುತು ಅದು. ನಮ್ಮಲ್ಲೂ ಈ ಜಾಣತನಕ್ಕೆ ಬರವಿರಲಿಲ್ಲ. ವೈದ್ಯರಾಗಿದ್ದ ರಾಶಿ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರು ಮಾಡಿದರು, ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದರು. ನಿಘಂಟಿನಂಥ ಗಂಭೀರ ವಸ್ತುವನ್ನೇ ಅಣಕಿಸಿ ನಾ. ಕಸ್ತೂರಿಯವರು ‘ಅನರ್ಥಕೋಶ’ ಬರೆದರು. ಸ್ಫೂರ್ತಿಯ ಹದ್ದು ಆ ಕಾಲದಲ್ಲಿ ಬೆಂಗಳೂರಿಗೆ ಬಂದಿದ್ದರೆ ಇಷ್ಟು ಸಲೀಸಾಗಿ ವಾಪಸು ಹೋಗುತ್ತಿರಲಿಲ್ಲ.

ಹದ್ದಿನ ನಂತರ ಹೆಚ್ಚು ದುಡಿಯುವ ಪ್ರಾಣಿ ಕಪ್ಪೆ. ಕುದಿಯುವ ನೀರಿಗೆ ಹಾಕಿದರೆ ಚಂಗನೆ ಜಿಗಿಯುತ್ತದೆ, ತಣ್ಣೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಗೊತ್ತೇ ಆಗದೆ ಬೆಂದುಹೋಗುತ್ತದೆ ಎಂಬ ಕಥೆ. ಇದರ ಹಿಂದೆ ನಿಜಕ್ಕೂ ಒಂದು ಪ್ರಯೋಗಶಾಲೆ ಇದೆ. ಜರ್ಮನಿಯ ಶರೀರವಿಜ್ಞಾನಿ ಫ್ರೀಡ್ರಿಖ್ ಗೋಲ್ಟ್ಸ್ 1869ರಲ್ಲಿ, ಆತ್ಮ ದೇಹದ ಯಾವ ಭಾಗದಲ್ಲಿದೆ ಎಂದು ಪತ್ತೆ ಮಾಡಲು ಹೊರಟು, ಕಪ್ಪೆಗಳನ್ನು ನೀರಲ್ಲಿಟ್ಟು ಕಾಯಿಸಿದ. ನೆಟ್ಟಗಿದ್ದ ಕಪ್ಪೆ ಸುಮಾರು 25 ಡಿಗ್ರಿಗೇ ತಪ್ಪಿಸಿಕೊಳ್ಳಲು ಒದ್ದಾಡತೊಡಗಿತು. ಕೊನೆಯವರೆಗೂ ಶಾಂತವಾಗಿ ಕೂತದ್ದು ಮೊದಲೇ ಮೆದುಳು ತೆಗೆದಿದ್ದ ಕಪ್ಪೆ! ತರಬೇತಿಯ ಸ್ಲೈಡಿನಲ್ಲಿ ಈ ಸಣ್ಣ ವಿವರ ಮಾತ್ರ ಬಿಟ್ಟುಹೋಗಿರುತ್ತದೆ. ನೀರನ್ನು ತೀರ ನಿಧಾನವಾಗಿ ಕಾಯಿಸಿದರೆ ಆರೋಗ್ಯವಂತ ಕಪ್ಪೆಯೂ ಕೂರುತ್ತದೆ ಎಂದು ವಾದಿಸಿದವರು ಆ ಕಾಲದಲ್ಲಿದ್ದರು. ನಮ್ಮ ಕಾಲದಲ್ಲಿ ಒಕ್ಲಹಾಮ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ವಿಕ್ಟರ್ ಹಚಿಸನ್ ಅದನ್ನು ಒಪ್ಪಲಿಲ್ಲ; ಬಿಸಿ ಏರಿದಂತೆ ಕಪ್ಪೆಯ ಚಡಪಡಿಕೆ ಹೆಚ್ಚುತ್ತದೆ, ದಾರಿ ಇದ್ದರೆ ಹೊರಗೆ ಹಾರುತ್ತದೆ ಎಂದರು. ಇನ್ನು ಕುದಿಯುವ ನೀರಿಗೆ ನೇರವಾಗಿ ಬಿದ್ದ ಕಪ್ಪೆ ಜಿಗಿಯಲು ಉಳಿಯುವುದೇ ಕಷ್ಟ. ಅಲ್ಲಿಗೆ ಕಥೆಯ ಎರಡು ಕಾಲೂ ಮುರಿಯಿತು.

ಕಥೆಯಲ್ಲಿ ಒಲೆ ಹಚ್ಚಿದವರು ಯಾರು ಎಂಬ ಮಾತು ಬರುವುದೇ ಇಲ್ಲ, ಗಮನಿಸಿ. ಸಂಬಳ ಏರದೆ, ಕೆಲಸದ ಗಂಟೆ ಮಾತ್ರ ಏರುತ್ತಿರುವ ಆಫೀಸಿನಲ್ಲಿ ಕೂತವರಿಗೆ ಈ ಕಥೆ ಹೇಳುವಾಗ, ಎಚ್ಚೆತ್ತುಕೊಳ್ಳಬೇಕಾದದ್ದು ಕಪ್ಪೆ. ಉರಿ ಸಣ್ಣ ಮಾಡುವ ಪ್ರಸ್ತಾಪವಿಲ್ಲ. ಹದ್ದಿನ ಕಥೆಯಲ್ಲೂ ಇದೇ ಹೂಟ. ನಲವತ್ತು ದಾಟಿದವರನ್ನು ಮನೆಗೆ ಕಳಿಸುವ ಕಂಪನಿಗಳ ಕಾಲದಲ್ಲಿ, ನಲವತ್ತಕ್ಕೆ ಸರಿಯಾಗಿ ತನ್ನ ಕೊಕ್ಕನ್ನು ತಾನೇ ಒಡೆದುಕೊಳ್ಳುವ ಹಕ್ಕಿ ಎಷ್ಟು ಅನುಕೂಲ! ಸ್ಫೂರ್ತಿಯ ಪ್ರಾಣಿಕಥೆಗಳ ಮೇಲೆ ನನಗಿರುವ ತಕರಾರು ಇದೊಂದೇ. ಸುಳ್ಳು ಹೇಳುವುದು ಕಥೆಯ ಜನ್ಮಸಿದ್ಧ ಹಕ್ಕು, ಅದಕ್ಕೆ ಬೇಜಾರಿಲ್ಲ. ಆದರೆ ಈ ಕಥೆಗಳಲ್ಲಿ ಕಷ್ಟ ಎಲ್ಲಿಂದಲೇ ಬರಲಿ, ಬದಲಾಗಬೇಕಾದದ್ದು ಯಾವಾಗಲೂ ಪ್ರಾಣಿಯೇ.

ಬೆಳಿಗ್ಗೆ ಎದ್ದೊಡನೆ ಓಡಲೇಬೇಕಾದ ಸಿಂಹ ಮತ್ತು ಜಿಂಕೆಯ ಕಥೆಯನ್ನು ಬೇಗ ಮುಗಿಸೋಣ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೆ ಬಿದ್ದುಕೊಂಡಿರುತ್ತದೆ. ಬೆಳಿಗ್ಗೆ ಎದ್ದು ಓಡುವ ಸಿಂಹವನ್ನು ಕಂಡರೆ ಜಿಂಕೆಗಿಂತ ಮೊದಲು ಉಳಿದ ಸಿಂಹಗಳೇ ಗಾಬರಿಯಾದಾವು.

ಇರುವೆಯನ್ನು ಮಾತ್ರ ಅಷ್ಟು ಬೇಗ ಬಿಡುವಂತಿಲ್ಲ. ಸೋಮಾರಿ ಮಕ್ಕಳಿಗೆ ಇರುವೆಯನ್ನು ತೋರಿಸಿ ಬುದ್ಧಿ ಹೇಳದ ಮೇಷ್ಟರಿಲ್ಲ. ಅರಿಜೋನ ವಿಶ್ವವಿದ್ಯಾಲಯದ ಡೇನಿಯಲ್ ಶಾರ್ಬೊನೊ ಮತ್ತು ಆನಾ ಡಾರ್ನ್‌ಹೌಸ್ ಒಂದು ಜಾತಿಯ ಬಂಡೆ ಇರುವೆಗಳಿಗೆ ಬಣ್ಣದ ಚುಕ್ಕೆ ಇಟ್ಟು, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಗಮನಿಸಿದರು. ಗೂಡಿನ ಸುಮಾರು ಶೇ. 40ರಷ್ಟು ಕೆಲಸಗಾರ ಇರುವೆಗಳು ಹೆಚ್ಚಿನ ಹೊತ್ತು ಏನೂ ಮಾಡದೆ ಸುಮ್ಮನೆ ನಿಂತಿದ್ದವು. ಮುಂದಿನದು ಇನ್ನೂ ಸ್ವಾರಸ್ಯ. ಅತಿ ಹೆಚ್ಚು ದುಡಿಯುವ ಶೇ. 20ರಷ್ಟು ಇರುವೆಗಳನ್ನು ತೆಗೆದಾಗ, ವಾರದೊಳಗೆ ಸುಮ್ಮನಿದ್ದವುಗಳಲ್ಲೇ ಕೆಲವು ಎದ್ದು ಆ ಕೆಲಸ ಹಿಡಿದವು. ಗೂಡಿಗೆ ಬಿಡುವಾಗಿರುವ ಕೈಗಳೂ ಬೇಕು. ಇದನ್ನು ಯಾವ ಮ್ಯಾನೇಜರಿಗೂ ಕಳಿಸುವ ಧೈರ್ಯ ನನಗಿಲ್ಲ, ಓದುಗರು ತಮ್ಮ ಜವಾಬ್ದಾರಿಯ ಮೇಲೆ ಕಳಿಸಬಹುದು.

ನಮ್ಮ ಹಿರಿಯರು ಪ್ರಾಣಿಕಥೆಯನ್ನು ಹೀಗೆ ಬಳಸಲಿಲ್ಲ. ಪಂಚತಂತ್ರದಲ್ಲಿ ವಿಷ್ಣುಶರ್ಮ ಆರು ತಿಂಗಳ ಗಡುವು ಹಾಕಿಕೊಂಡು ಅಮರಶಕ್ತಿಯ ಮೂವರು ದಡ್ಡ ಮಕ್ಕಳಿಗೆ ಕಲಿಸುವುದು ರಾಜನೀತಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹ ಅದನ್ನು ವಸುಭಾಗಭಟ್ಟನ ಪರಂಪರೆಯಿಂದ ಕನ್ನಡಕ್ಕೆ ತಂದಾಗ, ಅವನೂ ಅರಮನೆಯ ಒಳಗನ್ನು ಬಲ್ಲ ಅಧಿಕಾರಿ. ಆ ಕಥೆಗಳಲ್ಲಿ ಮಂಗ ಮೊಸಳೆಯ ಬೆನ್ನ ಮೇಲೆ ನಡುನೀರಿನಲ್ಲಿ ಸಿಕ್ಕಿಕೊಂಡಾಗ, ತನ್ನ ಮನೋಭಾವ ಬದಲಿಸಿಕೊಳ್ಳುವುದಿಲ್ಲ. ಹೃದಯವನ್ನು ಮರದ ಮೇಲೆ ಬಿಟ್ಟುಬಂದಿದ್ದೇನೆ ಎಂದು ಸುಳ್ಳು ಹೇಳಿ ಪಾರಾಗುತ್ತದೆ. ಸಂಸ್ಕೃತ ಪಂಚತಂತ್ರದ ಮೊದಲ ತಂತ್ರವಂತೂ ಎದೆ ನಡುಗಿಸುವಂಥದು. ದಮನಕನೆಂಬ ನರಿ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ತಂದಿಟ್ಟು, ನಿರಪರಾಧಿ ಎತ್ತನ್ನು ಕೊಲ್ಲಿಸಿ, ಶಿಕ್ಷೆಯಿಲ್ಲದೆ ಮಂತ್ರಿಯಾಗಿ ಮುಂದುವರಿಯುತ್ತದೆ. ಎಂಟನೆಯ ಶತಮಾನದಲ್ಲಿ ಇದನ್ನು ‘ಕಲೀಲ ವ ದಿಮ್ನ’ ಎಂದು ಅರಬ್ಬಿಗೆ ತಂದ ಇಬ್ನ್ ಅಲ್-ಮುಖಫ್ಫ, ಇದನ್ನು ತಾಳಲಾರದೆ ಇರಬೇಕು, ನರಿಯ ವಿಚಾರಣೆ ನಡೆದು ಶಿಕ್ಷೆಯಾಗುವ ಅಧ್ಯಾಯವೊಂದನ್ನು ಸೇರಿಸಿದ. ನನ್ನ ಮತ ಮೂಲಕ್ಕೇ. ಸಿಂಹದ ಪಕ್ಕದಲ್ಲಿ ನರಿ ಕೂತಿದೆ, ಹುಷಾರು ಎಂದು ಎತ್ತಿಗೆ ಹೇಳುವ ಕಥೆ ಎತ್ತಿಗೆ ಮಾಡುವ ಉಪಕಾರ ದೊಡ್ಡದು. ಇವತ್ತಿನ ತರಬೇತುದಾರರ ಕೈಗೆ ಸಂಜೀವಕ ಸಿಕ್ಕಿದ್ದರೆ, ಕೊಂಬು ಮುರಿದುಕೊಂಡು ಪುನರ್ಜನ್ಮ ಪಡೆಯಲು ಹೇಳುತ್ತಿದ್ದರು.

ಕೊಕ್ಕಿನದೇ ಕಥೆ ಬೇಕೆಂದರೆ ಬೆಂಗಳೂರಿನಿಂದ ದೂರ ಹೋಗಬೇಕಿಲ್ಲ. ‘ಶೋಲೆ’ ಚಿತ್ರೀಕರಣವಾದ ರಾಮನಗರದ ಬೆಟ್ಟಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳಿವೆ. ಅವುಗಳಿಗಾಗಿಯೇ 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಭಾರತದಲ್ಲಿ ಈ ಹಕ್ಕಿಗಳ ಸಂಖ್ಯೆ ತೊಂಬತ್ತರ ದಶಕದಿಂದ ಸುಮಾರು ಹದಿನೈದು ವರ್ಷಗಳಲ್ಲಿ ಶೇ. 97ರಷ್ಟು ಕುಸಿಯಿತು. ಅವು ಸೋಮಾರಿಗಳಾಗಿರಲಿಲ್ಲ, ಬದಲಾವಣೆಗೆ ಹೆದರಿಯೂ ಇರಲಿಲ್ಲ. ದನಗಳ ನೋವಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿತ್ತು. ಕಾರಣ ಖಚಿತವಾಗಿ ಗೊತ್ತಾದದ್ದು 2004ರಲ್ಲಿ. ಎರಡು ವರ್ಷದ ನಂತರ ಜಾನುವಾರುಗಳಿಗೆ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು. ಮನುಷ್ಯರ ಹೆಸರಿನಲ್ಲಿ ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅವನ್ನೂ ನಿಲ್ಲಿಸಿ, ಚುಚ್ಚುಮದ್ದಿನ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿತು. ರಣಹದ್ದುಗಳಿಗೆ ಅಪಾಯ ತರುವ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿ ಪಶುಚಿಕಿತ್ಸೆಯಿಂದ ಹೊರಗಿಟ್ಟಿತು. ಆದರೂ ಸಂಖ್ಯೆ ಮತ್ತೆ ಏರುವುದು ನಿಧಾನ, ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹಕ್ಕಿಯ ಛಲ ಎಷ್ಟೇ ಇರಲಿ, ಆ ಲೆಕ್ಕ ಅವಸರಕ್ಕೆ ಬಗ್ಗುವುದಿಲ್ಲ.

ಮನೆಯಲ್ಲಿ ಹಸು, ಎಮ್ಮೆ, ಎತ್ತು ಇರುವವರು, ಮುಂದಿನ ಸಲ ಅವಕ್ಕೆ ಬಾವೋ ನೋವೋ ಬಂದು ಡಾಕ್ಟರನ್ನು ಕರೆಸಿದಾಗ ಮೆಲಾಕ್ಸಿಕಾಂ ಕೊಡಲು ಆಗುತ್ತದೆಯೇ ಎಂದು ಕೇಳಿ. ದನಕ್ಕೂ ಆಗುತ್ತದೆ, ರಣಹದ್ದಿಗೂ ತೊಂದರೆಯಿಲ್ಲ. ಯಾರಾದರೂ ಡೈಕ್ಲೋಫೆನಾಕ್ ಕೈಗೆತ್ತಿಕೊಂಡರೆ ಬೇಡ ಎನ್ನಿ. ದನಗಳಿಗೆ ಅದನ್ನು ಕೊಡುವುದು 2006ರಿಂದಲೇ ನಿಷಿದ್ಧ.